ಪಾರ್ಸೆಲ್ ಕ್ರಾಸಿಗೆ ಬರುತ್ತೆ, ಓಟಿಪಿ ಮನೆಗೆ ಬರಲ್ಲ

ಶಿವಮೊಗ್ಗ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ, ಹಾಗೇ ನಮ್ಮ ಕಡೆಗೆ ಪಾರ್ಸೆಲ್ ಕಳಿಸುವ ಆನ್‌ಲೈನ್ ಕಂಪನಿಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಲ್ಲಿ ಒಂದು ಕ್ರಾಸ್. ಅಲ್ಲಿ ನನ್ನದೊಂದು ಕಿರಾಣಿ ಅಂಗಡಿ. ಅಕ್ಕಿ, ಬೇಳೆ, ಸೋಡಾ, ಮಕ್ಕಳ ಪೆನ್ನು, ಮಳೆಗಾಲಕ್ಕೆ ಛತ್ರಿ. ನನ್ನ ವ್ಯಾಪಾರ ಇಷ್ಟೇ. ಆದರೆ ಐದಾರು ವರ್ಷದಿಂದ ಯಾರೂ ಕೇಳದೆ, ಯಾರೂ ಸಂಬಳ ಕೊಡದೆ, ಇನ್ನೊಂದು ಕೆಲಸವೂ ನನ್ನ ತಲೆಗೆ ಬಿದ್ದಿದೆ. ಸುತ್ತಲಿನ ನಾಲ್ಕು ಹಳ್ಳಿಯ ಪಾರ್ಸೆಲ್ ಎಲ್ಲ ಬಂದು ಇಳಿಯುವುದು ನನ್ನ ಅಂಗಡಿಯಲ್ಲಿ. ದಸರಾ ಶುರುವಾದರೆ ಸಾಕು, ಬೆಲ್ಲದ ಪೆಂಟೆ ಇಡುವ ಜಾಗದಲ್ಲಿ ರಟ್ಟಿನ ಪೆಟ್ಟಿಗೆ ಕೂರುತ್ತವೆ. ದೀಪಾವಳಿ ಹೊತ್ತಿಗೆ ಗಿರಾಕಿ ನಿಲ್ಲಲೂ ಜಾಗ ಇರುವುದಿಲ್ಲ.

ನಾನೇನು ಬೇಡ ಅನ್ನಲಿಲ್ಲ. ನಮ್ಮ ಕಡೆಯ ಮನೆಗಳು ನಿಮಗೆ ಗೊತ್ತಿದ್ದದ್ದೇ. ಒಂದು ಮನೆ ಗುಡ್ಡದ ಮೇಲೆ, ಇನ್ನೊಂದು ಗದ್ದೆ ದಾಟಿ ತೋಟದ ತಲೆಯಲ್ಲಿ. ಮಧ್ಯೆ ಒಂದು ಹಳ್ಳ, ಹಳ್ಳಕ್ಕೊಂದು ಸಂಕ. ಬೈಕಿನಲ್ಲಿ ಬರುವ ಡೆಲಿವರಿ ಹುಡುಗನಿಗೆ ದಿನಕ್ಕೆ ಇಷ್ಟು ಪಾರ್ಸೆಲ್ ಮುಟ್ಟಿಸಲೇಬೇಕು ಅನ್ನುವ ಲೆಕ್ಕ ಇರುತ್ತದೆ. ಅವನು ಒಂದು ಸೀರೆಗೋಸ್ಕರ ಎರಡು ಮೈಲಿ ಜಾರುವ ದಾರಿಯಲ್ಲಿ ಹೋಗಿ ಬರಲಾರ. ಮೊದಮೊದಲು ಉಣಗೋಲಿಗೆ, ಅಂದರೆ ಬೇಲಿಯ ಗಳದ ಗೇಟಿಗೆ, ಕಟ್ಟಿ ಹೋಗುತ್ತಿದ್ದರು. ಒಂದು ಸಲ ಮಂಗ ಬಂದು ಪೆಟ್ಟಿಗೆ ಹರಿದು, ಒಳಗಿದ್ದ ಶಾಂಪೂ ಬಾಟಲಿ ಹಲಸಿನ ಮರಕ್ಕೆ ಒಯ್ದಿತ್ತು. ನಮ್ಮೂರಿನ ಮೊದಲ ಪಾರ್ಸೆಲ್ ಕಳ್ಳ ಅವನೇ. ಆಮೇಲೆ ಎಲ್ಲರೂ 'ಕ್ರಾಸಿನ ಅಂಗಡೀಲಿ ಕೊಟ್ಟೋಗಿ' ಅನ್ನಲು ಶುರು ಮಾಡಿದರು.

ಈಗ ವಿಷಯಕ್ಕೆ ಬರುತ್ತೇನೆ. ಇದು ನಿಮಗೆ ಸಣ್ಣದು ಅನ್ನಿಸಬಹುದು. ನನಗೆ ಅನ್ನಿಸುವುದಿಲ್ಲ.

ಬೆಲೆಬಾಳುವ ವಸ್ತುವಿಗೆ ಕಂಪನಿಯವರು ಓಟಿಪಿ ಇಡುತ್ತಾರೆ. ವಸ್ತು ಕೈಗೆ ಬಂದಮೇಲೆ ಓಟಿಪಿ ಹೇಳಬೇಕು, ಹುಡುಗ ಅದನ್ನು ತನ್ನ ಫೋನಿಗೆ ಹಾಕಿಕೊಳ್ಳಬೇಕು. ಪೇಟೆಯಲ್ಲಿ ಇದು ಸರಿ. ಶಿವಮೊಗ್ಗದ ವಿನೋಬನಗರದಲ್ಲೋ ದುರ್ಗಿಗುಡಿಯಲ್ಲೋ ಬಾಗಿಲು ತೆಗೆದು, ಪೆಟ್ಟಿಗೆ ನೋಡಿ, ಆರು ಅಂಕಿ ಹೇಳಿದರಾಯಿತು. ನಮ್ಮಲ್ಲಿ ಬಾಗಿಲ ಹತ್ತಿರ ಸಿಗ್ನಲ್ಲೇ ಇಲ್ಲ. ಕೆಲವರ ಮನೆಯಲ್ಲಿ ಅಟ್ಟದ ಕಿಟಕಿಯ ಹತ್ತಿರ ಒಂದು ಕಡ್ಡಿ, ಕೆಲವರಿಗೆ ದನದ ಕೊಟ್ಟಿಗೆ ಹಿಂದೆ. ಹಾಗಾಗಿ ಏನು ಮಾಡುತ್ತಾರೆ? ಬೆಳಿಗ್ಗೆ ಹಾಲು ಹಾಕಲು ಡೈರಿಗೆ ಬಂದಾಗ ಫೋನಿಗೆ ಜೀವ ಬರುತ್ತದೆ. ಅಷ್ಟೊತ್ತಿಗೆ ಹುಡುಗನ ಕರೆ. 'ಅಕ್ಕಾ, ಇವತ್ತು ನಿಮ್ದೊಂದು ಪಾರ್ಸೆಲ್ ಇದೆ. ಆಮೇಲೆ ನೀವು ಸಿಗಲ್ಲ. ಓಟಿಪಿ ಈಗ್ಲೇ ಹೇಳ್ಬಿಡಿ, ಕ್ರಾಸಲ್ಲಿ ಇಟ್ಟಿರ್ತೀನಿ.' ಅಕ್ಕ ಹೇಳುತ್ತಾಳೆ. ಪಾರ್ಸೆಲ್ ಇನ್ನೂ ತೀರ್ಥಹಳ್ಳಿಯಲ್ಲೇ ಇರುತ್ತದೆ. ಕಂಪನಿಯ ಲೆಕ್ಕದಲ್ಲಿ ಅದಾಗಲೇ ಕೊಟ್ಟಾಯಿತು.

ಹುಡುಗನ ತಪ್ಪು ಅಂತ ನಾನು ಹೇಳುವುದಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಆದರೆ ಕಂಪನಿಯವರೇ, ಬ್ಯಾಂಕಿನವರು ಹಗಲೂ ರಾತ್ರಿ 'ಫೋನಿನಲ್ಲಿ ಯಾರಿಗೂ ಓಟಿಪಿ ಹೇಳಬೇಡಿ' ಅಂತ ಮೆಸೇಜ್ ಕಳಿಸುತ್ತಿದ್ದಾರೆ. ನಿಮ್ಮ ವ್ಯವಸ್ಥೆ ವಾರಕ್ಕೆ ಎರಡು ಸಲ ನಮ್ಮ ಹೆಂಗಸರ ಬಾಯಲ್ಲಿ ಫೋನಿನಲ್ಲೇ ಓಟಿಪಿ ಹೇಳಿಸುತ್ತಿದೆ. ಒಂದು ಸಲ ಅಭ್ಯಾಸ ಆದಮೇಲೆ, ಕೇಳಿದವನು ಡೆಲಿವರಿ ಹುಡುಗನೋ ಕಳ್ಳನೋ ಅಂತ ನೋಡುವವರು ಯಾರು?

ಹೋದ ದೀಪಾವಳಿಯಲ್ಲಿ ಆದದ್ದು ಹೇಳುತ್ತೇನೆ. ಮೇಲಿನಮನೆ ಅಣ್ಣ ಮಗಳಿಗೆ ಹಬ್ಬಕ್ಕೆ ಅಂತ 14 ಸಾವಿರದ ಮೊಬೈಲ್ ತರಿಸಿದ್ದರು. ಬೆಳಿಗ್ಗೆ ಓಟಿಪಿ ಹೇಳಿ ಆಗಿತ್ತು. ಮಧ್ಯಾಹ್ನ ಪೆಟ್ಟಿಗೆ ನನ್ನ ಅಂಗಡಿಗೆ ಬಂತು. ಸಂಜೆ ಆರೂವರೆ ಇರಬಹುದು. ಮಳೆ ಜೋರು, ಕರೆಂಟ್ ಇಲ್ಲ. ನಾನು ಎಮರ್ಜೆನ್ಸಿ ಲೈಟ್ ಹಚ್ಚಿಕೊಂಡು ಸಾಲದ ಪುಸ್ತಕ ನೋಡುತ್ತಿದ್ದೆ. ರೈನ್‌ಕೋಟ್ ಹಾಕಿದ ಒಬ್ಬ ಹುಡುಗ ಬೈಕ್ ನಿಲ್ಲಿಸಿ ಒಳಗೆ ಬಂದ.

'ಮೇಲಿನಮನೆ ಪಾರ್ಸೆಲ್ ಬಂದಿದ್ಯಂತಲ್ಲ, ಮಾವ ಕಳಿಸಿದ್ರು.'

ಯಾರು ನೀನು ಅಂದೆ. ಅವರ ತಂಗಿ ಮಗ, ಕೊಪ್ಪದಿಂದ ಹಬ್ಬಕ್ಕೆ ಬಂದಿದ್ದೇನೆ ಅಂದ. ಫೋನಿನಲ್ಲಿ ಪೆಟ್ಟಿಗೆಯ ಲೇಬಲ್ಲಿನ ಫೋಟೋ ತೋರಿಸಿದ. ಹೆಸರು, ಫೋನ್ ನಂಬರಿನ ಕೊನೆ ನಾಲ್ಕು ಅಂಕಿ, ಎಲ್ಲ ಸರಿ. ನನ್ನ ನೋಟ್‌ಬುಕ್ಕಿನಲ್ಲಿ ಸಹಿಯನ್ನೂ ಮಾಡಿದ. ನೀರು ಬೀಳದಿರಲಿ ಅಂತ ಪ್ಲಾಸ್ಟಿಕ್ ಚೀಲ ಹುಡುಕಿ ನಾನೇ ಸುತ್ತಿ ಕೊಟ್ಟೆ. ಹಬ್ಬಕ್ಕೆ ಬಂದ ಹುಡುಗ ಅಂತ ಒಂದು ಚಾಕಲೇಟ್ ಬೇರೆ ಕೊಟ್ಟೆ. ಇದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಎಂಟೂವರೆಗೆ ಟಾರ್ಚ್ ಹಿಡಿದು ಮೇಲಿನಮನೆ ಅಣ್ಣನೇ ಬಂದರು. ಅವರಿಗೆ ಕೊಪ್ಪದಲ್ಲಿ ತಂಗಿಯೇ ಇಲ್ಲ.

ರಾತ್ರಿ ಮಲಗಿದಾಗ ಹೊಳೆಯಿತು. ಲೇಬಲ್ಲಿನ ಫೋಟೋ ಅವನಿಗೆ ಎಲ್ಲಿ ಸಿಕ್ಕಿತು? ಅವತ್ತೇ ಮಧ್ಯಾಹ್ನ ಒಬ್ಬ ಹುಡುಗ ನನ್ನ ಅಂಗಡಿಯಲ್ಲಿ ಸೋಡಾ ಕುಡಿದು, ರ‍್ಯಾಕಿನ ಎದುರು ಮೊಬೈಲ್ ಎತ್ತಿ ಹಿಡಿದು ನಿಂತಿದ್ದ. ನಾನು ಸಿಗ್ನಲ್ ಹುಡುಕುತ್ತಿದ್ದಾನೆ ಅಂದುಕೊಂಡೆ. ನಮ್ಮ ಕಡೆ ಯಾರಾದರೂ ಮೊಬೈಲ್ ಎತ್ತಿ ಹಿಡಿದು ನಿಂತರೆ ಬೇರೆ ಏನು ಅಂದುಕೊಳ್ಳುತ್ತೀರಿ ಹೇಳಿ? 'ಆ ಕಂಬದ ಹತ್ರ ನಿಂತ್ರೆ ಸಿಗ್ತದೆ ಮಾರಾಯ' ಅಂತ ದಾರಿ ಬೇರೆ ತೋರಿಸಿದ್ದೆ.

ಮರುದಿನ ಅಣ್ಣ ಕಂಪನಿಗೆ ಫೋನ್ ಮಾಡಿದರು. ಓಟಿಪಿ ಕೊಟ್ಟಿದ್ದೀರಿ, ಹಾಗಾಗಿ ವಸ್ತು ನಿಮಗೆ ತಲುಪಿದೆ ಅಂತ ಲೆಕ್ಕ, ನಮ್ಮ ಜವಾಬ್ದಾರಿ ಮುಗಿಯಿತು ಅಂದರು. ಮೂರು ಸಲ ಹಿಂದಿಯಲ್ಲಿ, ಒಂದು ಸಲ ಕನ್ನಡದಲ್ಲಿ. ಕನ್ನಡದಲ್ಲಿ ಅಂದವಳು ಮಾತ್ರ ಪಾಪ, 'ಸಾರ್, ನೀವು ದೂರು ಕೊಡಿ' ಅಂತ ಹೇಳಿದಳು.

ಇಬ್ಬರೂ ಒಂದು ಠಾಣೆಗೆ ಹೋದೆವು. ಯಾವುದು ಅಂತ ಬರೆಯುವುದಿಲ್ಲ. ಅಲ್ಲಿದ್ದವರು ಕೆಟ್ಟವರಲ್ಲ, ಕೂರಿಸಿ ಟೀ ಕೊಟ್ಟರು. ಆದರೆ 'ಇದು ಆನ್‌ಲೈನ್ ಕೇಸು, ಶಿವಮೊಗ್ಗದ ಸೆನ್ ಠಾಣೆಗೆ ಹೋಗಿ' ಅಂದರು. ಸೆನ್ ಅಂದರೆ ಸೈಬರ್, ಹಣಕಾಸು, ಮಾದಕ ವಸ್ತುವಿನ ಕೇಸು ನೋಡುವ ಠಾಣೆ. ಅಂಗಡಿಯಿಂದ ಪೆಟ್ಟಿಗೆ ಎತ್ತಿಕೊಂಡು ಹೋದದ್ದು ಆನ್‌ಲೈನ್ ಕೇಸು ಹೇಗಾಯಿತು ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಶಿವಮೊಗ್ಗ ಅಂದರೆ ನಮಗೆ 60 ಕಿಲೋಮೀಟರಿಗಿಂತ ಜಾಸ್ತಿ. ಹೋಗಿ ಬರುವುದಕ್ಕೆ ಒಂದು ದಿನ, ಇಬ್ಬರ ಬಸ್ ಚಾರ್ಜ್, ಮೇಲೆ ಹಬ್ಬದ ಕೆಲಸ. ಮೇಲಿನಮನೆ ಅಣ್ಣ 'ಹೋಗ್ಲಿ ಬಿಡು' ಅಂದರು. ನಾನು 14 ಸಾವಿರದಲ್ಲಿ ಅರ್ಧ ಕೊಡುತ್ತೇನೆ ಅಂದೆ. ಅವರು ತಗೊಳ್ಳಲಿಲ್ಲ. ಆದರೆ ಅದಾದಮೇಲೆ ಅವರ ಮನೆಯವರು ನನ್ನ ಅಂಗಡಿಗೆ ಬರುವುದು ಕಡಿಮೆಯಾಯಿತು. ಇದನ್ನು ಯಾವ ದೂರಿನಲ್ಲಿ ಬರೆಯಲಿ?

ಎಸ್‌ಪಿ ಸಾಹೇಬರೇ, ನಾನು ಓದಿದ್ದು ಪಿಯುಸಿ. ಆದರೂ ಇದಾದಮೇಲೆ ಒಂದಿಷ್ಟು ಕೇಳಿ ತಿಳಿದುಕೊಂಡೆ. 2024ರ ಜುಲೈ 1ರಿಂದ ಬಂದ ಹೊಸ ಕಾನೂನು, ಅದೇ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅದರ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದಂತೆ. ಫೋನು, ಕಂಪ್ಯೂಟರ್ ಮೂಲಕ ಕೊಟ್ಟು ಮೂರು ದಿನದೊಳಗೆ ಹೋಗಿ ಸಹಿ ಮಾಡಿದರೂ ನಡೆಯುತ್ತದಂತೆ. ಮಾಹಿತಿ ತಂತ್ರಜ್ಞಾನದ ಐಟಿ ಕಾಯ್ದೆಯ ಕೇಸನ್ನು ಇನ್‌ಸ್ಪೆಕ್ಟರ್‌ಗಿಂತ ಕೆಳಗಿನವರು ತನಿಖೆ ಮಾಡುವ ಹಾಗಿಲ್ಲ ಅಂತ 78ನೇ ಕಲಂ ಇದೆ, ಅದೂ ಗೊತ್ತು. ತನಿಖೆ ಯಾರು ಬೇಕಾದರೂ ಮಾಡಲಿ. ದೂರು ಬರೆದುಕೊಂಡು ಒಂದು ಪ್ರತಿ ಕೊಡಲಿಕ್ಕೆ ನಮ್ಮನ್ನು ತುಂಗಾ ಹೊಳೆ ದಾಟಿಸಬೇಕಾ?

ಇನ್ನೊಂದು ಘಟನೆ. ಇದರಲ್ಲಿ ಪಾರ್ಸೆಲ್ಲೇ ಇಲ್ಲ. ಇದ್ದದ್ದು ಅದರ ಹೆಸರು ಮಾತ್ರ.

ಕೆಳಮನೆ ಅತ್ತಿಗೆ ತೀರ್ಥಹಳ್ಳಿಗೆ ಹೋಗಿದ್ದರು. ಹಬ್ಬಕ್ಕೆ ಬಟ್ಟೆ ತರಿಸಿದ್ದು ಇನ್ನೂ ಬಂದಿರಲಿಲ್ಲ. ಬಸ್ಸಿಗೆ ಕಾಯುತ್ತಿದ್ದಾಗ ಒಂದು ಮೆಸೇಜ್. 'ನಿಮ್ಮ ಪಾರ್ಸೆಲ್ ಗೋದಾಮಿಗೆ ಬಂದಿದೆ. ವಿಳಾಸ ಪೂರ್ತಿ ಇಲ್ಲ. 12 ಗಂಟೆಯೊಳಗೆ ಸರಿಪಡಿಸಿ, ಇಲ್ಲದಿದ್ದರೆ ವಾಪಸ್ ಹೋಗುತ್ತದೆ.' ಅಂಚೆ ಇಲಾಖೆಯ ಹೆಸರು, ಕೆಳಗೆ ಒಂದು ಲಿಂಕ್. ಪೇಟೆಯವರಾದರೆ ನಗುತ್ತಿದ್ದರೋ ಏನೋ. ಅತ್ತಿಗೆ ನಂಬಿದರು. ಯಾಕೆ ಅಂದರೆ ನಮ್ಮ ವಿಳಾಸ ನಿಜವಾಗಿಯೂ ಯಾವತ್ತೂ ಪೂರ್ತಿ ಇರುವುದಿಲ್ಲ! ಬೀದಿ ಹೆಸರಿಲ್ಲ. ಮನೆಗೆ ಪಂಚಾಯಿತಿಯ ನಂಬರ್ ಇದ್ದರೂ ಅದು ಕಂದಾಯದ ರಸೀದಿಯಲ್ಲಿ ಮಾತ್ರ. 'ದೊಡ್ಡ ಹಲಸಿನ ಮರದ ಹತ್ತಿರ ಎಡಕ್ಕೆ' ಅಂತ ಬರೆಯುವವರು ನಾವು. ಪ್ರತಿ ಪಾರ್ಸೆಲ್ಲಿಗೂ ಒಂದು ಫೋನ್ ಬಂದೇ ಬರುತ್ತದೆ. ಹಾಗಾಗಿ ವಿಳಾಸ ಸರಿಯಿಲ್ಲ ಅಂದರೆ ಅನುಮಾನ ಬರುವುದಿಲ್ಲ.

ಲಿಂಕ್ ಒತ್ತಿದರು. ಅಂಚೆ ಇಲಾಖೆಯ ಹಾಗೇ ಕಾಣುವ ಪುಟ. ವಿಳಾಸ ತುಂಬಿದಮೇಲೆ 25 ರೂಪಾಯಿ ಶುಲ್ಕ. ಕಾರ್ಡಿನ ನಂಬರ್, ಹಿಂದಿನ ಮೂರು ಅಂಕಿ, ಆಮೇಲೆ ಬಂದ ಓಟಿಪಿ. ಎಲ್ಲ ಹಾಕಿದರು. ಓಟಿಪಿ ಸರಿಯಾಗಲಿಲ್ಲ ಅಂತ ಇನ್ನೊಂದು ಸಲ ಕೇಳಿತು. ಅದನ್ನೂ ಹಾಕಿದರು. ಬಸ್ ಬಂತು, ಹತ್ತಿದರು. ಊರು ದಾಟಿ ಕಾಡು ಶುರುವಾದದ್ದೇ ಸಿಗ್ನಲ್ ಹೋಯಿತು. ಮನೆಗೆ ಬಂದು ಅಡುಗೆ, ದನ, ಬಚ್ಚಲೊಲೆ, ಮಲಗಿದ್ದು.

ಮರುದಿನ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಕ್ರಾಸಿಗೆ ಬಂದರು. ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕಾಲಿಟ್ಟದ್ದೇ ಫೋನ್ ಟಿಂಗ್ ಟಿಂಗ್ ಟಿಂಗ್ ಅಂತ ನಾಲ್ಕು ಸಲ ಹೊಡೆದುಕೊಂಡಿತು. ಬ್ಯಾಂಕಿನ ಮೆಸೇಜುಗಳು. ಹಿಂದಿನ ದಿನ ಸಂಜೆಯೇ ಎರಡು ಸಲಕ್ಕೆ 38 ಸಾವಿರ ಹೋಗಿತ್ತು. ಅಡಿಕೆ ಮಾರಿ ಇಟ್ಟ ದುಡ್ಡು. ಅತ್ತಿಗೆ ಅಳಲಿಲ್ಲ. ಕ್ಯಾನು ಕೆಳಗಿಟ್ಟು, 'ಇದೆಂತ ಓದಿ ಹೇಳು' ಅಂತ ಫೋನ್ ನನ್ನ ಕೈಗೆ ಕೊಟ್ಟರು. ನಾನು ಓದಿದೆ. 'ಇನ್ನೊಂದ್ಸಲ ಓದು' ಅಂದರು.

1930ಕ್ಕೆ ಫೋನ್ ಮಾಡಬೇಕು ಅಂತ ನನಗೆ ಗೊತ್ತಿತ್ತು. ಸೈಬರ್ ವಂಚನೆಗೆ ಇಡೀ ದೇಶಕ್ಕೆ ಇರುವ ಸಹಾಯವಾಣಿ ಅದು. ಅಲ್ಲಿ ಏನಾಗುತ್ತದೆ ಅಂತ ಅವತ್ತು ಕಣ್ಣಾರೆ ನೋಡಿದೆ. ಯಾವ ಬ್ಯಾಂಕ್, ಯಾವ ಖಾತೆ, ಎಷ್ಟು ಹೊತ್ತಿಗೆ ಹೋಯಿತು, ಎಷ್ಟು, ವ್ಯವಹಾರದ ನಂಬರ್ ಏನು ಅಂತ ಕೇಳಿ ಬರೆದುಕೊಳ್ಳುತ್ತಾರೆ. ಯುಪಿಐ ಆದರೆ ಆ ನಂಬರ್ 12 ಅಂಕಿಯದ್ದು. ದುಡ್ಡು ಯಾವ ಬ್ಯಾಂಕಿಗೆ ಹೋಗಿದೆಯೋ ಅಲ್ಲಿಗೆ ಕೂಡಲೇ ಸುದ್ದಿ ಮುಟ್ಟಿಸುತ್ತಾರೆ. ಆ ಖಾತೆಯಲ್ಲಿ ದುಡ್ಡು ಇನ್ನೂ ಇದ್ದರೆ ತಡೆಹಿಡಿಯುತ್ತಾರೆ. ಕಳ್ಳರು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸಾಗಿಸುತ್ತಾ ಕೊನೆಗೆ ಎಟಿಎಮ್‌ನಲ್ಲಿ ತೆಗೆದುಬಿಡುತ್ತಾರೆ. ಅದಕ್ಕೇ ಮೊದಲ ಗಂಟೆ ಮುಖ್ಯ ಅನ್ನುವುದು. ನಮಗೆ ಮೊದಲ ಗಂಟೆ ಅಲ್ಲ, ಮೊದಲ ರಾತ್ರಿಯೇ ಕಾಡಿನಲ್ಲಿ ಕಳೆದುಹೋಗಿತ್ತು. 38 ಸಾವಿರದಲ್ಲಿ 9 ಸಾವಿರ ಸಿಕ್ಕಿಹಾಕಿಕೊಂಡಿದೆ ಅಂದರು. ಅದೂ ಇನ್ನೂ ಅತ್ತಿಗೆಯ ಕೈಗೆ ಬಂದಿಲ್ಲ.

ಓಟಿಪಿಯಾಗಲಿ, ಬ್ಯಾಂಕಿನ ಮೆಸೇಜಾಗಲಿ, 1930 ಆಗಲಿ, ನೀವು ಮಾಡಿದ ಒಂದೊಂದು ಭದ್ರತೆಯೂ ಮನೆಯಲ್ಲಿ ಸಿಗ್ನಲ್ ಇರುತ್ತದೆ ಅಂದುಕೊಂಡೇ ಮಾಡಿದ್ದು. ಕಳ್ಳ ಮಾತ್ರ ಹಾಗೆ ಅಂದುಕೊಂಡಿಲ್ಲ. ನನ್ನ ತಂಗಿಯನ್ನು ಕೊಟ್ಟಿದ್ದು ತುಮರಿ ಕಡೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆದಮೇಲೆ ಡೆಲಿವರಿ ಗಾಡಿ ಲಾಂಚಿಗೆ ಕಾಯದೆ ಶರಾವತಿ ಹಿನ್ನೀರು ದಾಟುತ್ತಿದೆ. ಒಳ್ಳೆಯದೇ. 'ಸೇತುವೆ ಬಂತು, ಪಾರ್ಸೆಲ್ ಬಂತು, ಫೋನ್ ಮಾಡೋಕೆ ಮಾತ್ರ ಇನ್ನೂ ಗುಡ್ಡ ಹತ್ಬೇಕು' ಅನ್ನುತ್ತಾಳೆ ಅವಳು.

ಬೇರೆ ಆಟಗಳೂ ಇವೆ. ಅಂಗಡಿಯಲ್ಲಿ ಕೂತವನಿಗೆ ಎಲ್ಲ ಕಿವಿಗೆ ಬೀಳುತ್ತದೆ. ಯಾರೂ ತರಿಸದ ಪಾರ್ಸೆಲ್ ಬರುತ್ತದೆ, ಮೇಲೆ 599 ರೂಪಾಯಿ ಕೊಟ್ಟು ಬಿಡಿಸಿಕೊಳ್ಳಿ ಅಂತ ಇರುತ್ತದೆ. ಮನೆಯಲ್ಲಿ ಯಾರಾದರೂ ತರಿಸಿರಬಹುದು ಅಂತ ನಾನೇ ಗಲ್ಲಾದಿಂದ ಕೊಟ್ಟಿದ್ದೇನೆ, ಒಂದಲ್ಲ ಎರಡು ಸಲ. ಒಡೆದು ನೋಡಿದರೆ ಹಳೇ ಪೇಪರು, ಹರಿದ ದುಪಟ್ಟಾ. ಫೇಸ್‌ಬುಕ್ಕಿನಲ್ಲಿ 499ಕ್ಕೆ ರೇಷ್ಮೆ ಸೀರೆ ಕಂಡು ದುಡ್ಡು ಕಳಿಸಿದವರ ಲೆಕ್ಕ ಬೇಡ. ವಸ್ತು ಸರಿ ಇಲ್ಲ ಅಂತ ಗೂಗಲ್ಲಿನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ, ಸಿಕ್ಕ ನಂಬರಿಗೆ ಫೋನ್ ಮಾಡಿ, ಅವರು ಹೇಳಿದ ಆ್ಯಪ್ ಹಾಕಿಕೊಂಡು, ತಮ್ಮ ಫೋನಿನ ಪರದೆಯನ್ನೇ ಕಳ್ಳನಿಗೆ ತೋರಿಸಿದವರೂ ಇದ್ದಾರೆ. ವಾಪಸ್ ಬರುವ ದುಡ್ಡಿಗೆ ಯುಪಿಐ ಪಿನ್ ಹಾಕಿ ಕಳೆದುಕೊಂಡವನು ಪಂಚಾಯಿತಿಯಲ್ಲಿ ಕೆಲಸ ಮಾಡುವವನು. ದುಡ್ಡು ಬರುವುದಕ್ಕೆ ಪಿನ್ ಬೇಡವೇ ಬೇಡ, ಹೋಗುವುದಕ್ಕೆ ಮಾತ್ರ ಬೇಕು. ಇಷ್ಟು ಗೊತ್ತಿದ್ದರೆ ಅವನ ದಸರಾ ಬೋನಸ್ ಉಳಿಯುತ್ತಿತ್ತು.

ಈಚೆಗೆ ಇನ್ನೊಂದು ಶುರುವಾಗಿದೆ. 'ನಮ್ಮ ಹುಡುಗನಿಗೆ ನಿಮ್ಮ ಮನೆ ಸಿಗ್ತಾ ಇಲ್ಲ, ಈ ನಂಬರ್ ಒತ್ತಿ ಅವನ ಜೊತೆ ಮಾತಾಡಿ' ಅಂತ ಫೋನ್. ಕೊಡುವ ನಂಬರ್ *401* ಇಂದ ಶುರುವಾಗುತ್ತದೆ, ಇಲ್ಲ *21* ಇಂದ. ಒತ್ತಿದರೆ ಹುಡುಗ ಸಿಗುವುದಿಲ್ಲ. ನಿಮಗೆ ಬರುವ ಕರೆಗಳೆಲ್ಲ ಕಳ್ಳನ ಫೋನಿಗೆ ತಿರುಗುತ್ತವೆ. ಓಟಿಪಿಯನ್ನು ಕರೆ ಮಾಡಿ ಹೇಳುವ ವ್ಯವಸ್ಥೆ ಇದೆಯಲ್ಲ, ಅದೂ ಅವನಿಗೇ ಕೇಳುತ್ತದೆ. ಗೊತ್ತಾಗದೆ ಒತ್ತಿದ್ದರೆ ##002# ಒತ್ತಿ, ತಿರುಗಿಸಿದ್ದೆಲ್ಲ ರದ್ದಾಗುತ್ತದೆ. ಇದನ್ನು ನಾನು ಸಿಗರೇಟ್ ಪ್ಯಾಕಿನ ಹಿಂದೆ ಬರೆದು ಗಲ್ಲಾದ ಮೇಲೆ ಅಂಟಿಸಿದ್ದೇನೆ.

ನಮ್ಮ ನಿವೃತ್ತ ಮೇಷ್ಟ್ರಿಗೂ ಒಂದು ಕರೆ ಬಂದಿತ್ತು. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಡ್ರಗ್ಸ್ ಸಿಕ್ಕಿದೆ, ಮುಂಬೈ ಪೊಲೀಸ್ ಮಾತಾಡುತ್ತಿರುವುದು, ವಿಡಿಯೋ ಕಾಲಿನಲ್ಲೇ ಅರೆಸ್ಟ್ ಅಂತ. ಮೇಷ್ಟ್ರು ಹೆದರಿ ಬನಿಯನ್ ಮೇಲೆ ಶರ್ಟ್ ಹಾಕಿಕೊಂಡು ಕೂತರಂತೆ. ಆದರೆ ಅವರ ಮನೆಯಲ್ಲಿ ವಿಡಿಯೋ ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಆರು ಸಲ ಕಟ್ಟಾಯಿತು. ಆರನೇ ಸಲಕ್ಕೆ ಆ ಪೊಲೀಸನೇ ಬೇಸತ್ತು ಬಿಟ್ಟುಬಿಟ್ಟ. ನೆಟ್‌ವರ್ಕ್ ಇಲ್ಲದೇ ಇದ್ದದ್ದು ನಮಗೆ ಉಪಕಾರ ಮಾಡಿದ್ದು ಅದೊಂದೇ ಸಲ. ಡಿಜಿಟಲ್ ಅರೆಸ್ಟ್ ಅನ್ನುವುದು ಕಾನೂನಿನಲ್ಲೇ ಇಲ್ಲ ಅಂತ 2024ರ ಅಕ್ಟೋಬರಿನ ಮನ್ ಕಿ ಬಾತ್‌ನಲ್ಲಿ ಪ್ರಧಾನಿಗಳೇ ಹೇಳಿದ್ದರು. ಮೇಷ್ಟ್ರಿಗೆ ಅದು ಗೊತ್ತಾದದ್ದು ಆಮೇಲೆ.

ನನ್ನ ಕಡೆಯಿಂದ ಆದದ್ದು ನಾನು ಮಾಡಿದ್ದೇನೆ. ಈಗ ಪಾರ್ಸೆಲ್ ಎಲ್ಲ ಒಳಗಿನ ಕೋಣೆಯಲ್ಲಿ, ಲೇಬಲ್ ಗೋಡೆ ಕಡೆಗೆ ತಿರುಗಿಸಿ ಇಡುತ್ತೇನೆ. ಮನೆಯವರನ್ನು ಬಿಟ್ಟು ಬೇರೆ ಯಾರು ಬಂದರೂ, ಎಷ್ಟೇ ಹತ್ತಿರದವರು ಅಂದರೂ, ಆ ಮನೆಗೆ ಒಂದು ಮಾತು ಕೇಳದೆ ಕೊಡುವುದಿಲ್ಲ. ಫೋನ್ ಸಿಗದಿದ್ದರೆ ನಾಳೆ ಬಾ ಅನ್ನುತ್ತೇನೆ. ಬೈಸಿಕೊಳ್ಳುತ್ತೇನೆ. ತರಿಸಿದವರೇ ಬಂದು ಹೇಳದೆ ಯಾರ ಪಾರ್ಸೆಲ್ಲಿಗೂ ಗಲ್ಲಾದಿಂದ ದುಡ್ಡು ಕೊಡುವುದಿಲ್ಲ. ಬೆಲೆಬಾಳುವ ವಸ್ತುವನ್ನು ಇಲ್ಲೇ ಬಿಚ್ಚುವಾಗ ಮೊದಲಿನಿಂದ ವಿಡಿಯೋ ಮಾಡಿಕೊಳ್ಳಲು ಹೇಳುತ್ತೇನೆ. ಖಾಲಿ ಪೆಟ್ಟಿಗೆಯನ್ನು ಅಂಗಡಿ ಮುಂದೆ ಎಸೆಯಬೇಡಿ, ಹೆಸರು ನಂಬರ್ ಇರುವ ಚೀಟಿ ಕಿತ್ತು ಬಚ್ಚಲೊಲೆಗೆ ಹಾಕಿ ಅಂತಲೂ ಹೇಳುತ್ತೇನೆ. ಆ ಚೀಟಿಯಲ್ಲಿ ಯಾರು, ಎಲ್ಲಿ, ಯಾವ ನಂಬರ್ ಎಲ್ಲ ಇರುತ್ತದೆ. ಕಳ್ಳನಿಗೆ ಮಾತು ಶುರು ಮಾಡಲು ಅಷ್ಟು ಸಾಕು.

ಇನ್ನು ನೀವು.

ಕಂಪನಿಯವರೇ, ನನ್ನಂಥ ಅಂಗಡಿಯನ್ನು ಲೆಕ್ಕಕ್ಕೆ ತಗೊಳ್ಳಿ. ಕಮಿಷನ್ ಕೊಡಿ ಅಂತ ಕೇಳುತ್ತಿಲ್ಲ, ಕೊಟ್ಟರೆ ಬೇಡ ಅನ್ನುವುದೂ ಇಲ್ಲ. ಪಾರ್ಸೆಲ್ ಅಂಗಡಿಗೆ ಬಂದದ್ದು ಬೇರೆ, ಮನೆಯವರ ಕೈಗೆ ಹೋದದ್ದು ಬೇರೆ ಅಂತ ನಿಮ್ಮ ಲೆಕ್ಕದಲ್ಲಿ ಎರಡು ಸಾಲು ಮಾಡಿ. ಓಟಿಪಿ ಎರಡನೆಯದಕ್ಕೆ ಇರಲಿ. ಮನೆಯವರು ಕ್ರಾಸಿಗೆ ಬಂದು, ಪೆಟ್ಟಿಗೆ ನೋಡಿ, ನನ್ನ ಎದುರು ಹೇಳಲಿ. ಇಲ್ಲಿ ಸಿಗ್ನಲ್ ಇದೆ. ಸಂಜೆ ಡೆಲಿವರಿ ಹುಡುಗ ಇರುವುದಿಲ್ಲ, ನಿಜ. ಅದಕ್ಕೊಂದು ದಾರಿ ಹುಡುಕುವುದು ನಿಮಗೆ ಕಷ್ಟ ಅಲ್ಲ, ನಿಮ್ಮಲ್ಲಿ ಇಂಜಿನಿಯರುಗಳು ಬೇಕಾದಷ್ಟಿದ್ದಾರೆ. ಅಲ್ಲಿಯವರೆಗೆ, ಫೋನಿನಲ್ಲಿ ಮೊದಲೇ ಹೇಳಿಸಿಕೊಂಡ ಓಟಿಪಿಯನ್ನು ತೋರಿಸಿ 'ತಲುಪಿದೆ' ಅನ್ನಬೇಡಿ. 2020ರ ಇ-ಕಾಮರ್ಸ್ ನಿಯಮದಲ್ಲಿ ದೂರು ಬಂದ 48 ಗಂಟೆಯಲ್ಲಿ ಸ್ವೀಕರಿಸಿದ್ದೇವೆ ಅನ್ನಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಅಂತ ಇದೆ. ಮೇಲಿನಮನೆ ಅಣ್ಣನಿಗೆ ಇದು ಆಗ ಗೊತ್ತಿರಲಿಲ್ಲ. ಗ್ರಾಹಕ ಸಹಾಯವಾಣಿ 1915 ಅಂತಲೂ, 5 ಲಕ್ಷದವರೆಗಿನ ವಿಷಯಕ್ಕೆ ಗ್ರಾಹಕರ ಆಯೋಗದಲ್ಲಿ ಶುಲ್ಕವೇ ಇಲ್ಲ ಅಂತಲೂ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ.

ಎಸ್‌ಪಿ ಸಾಹೇಬರೇ, ನಿಮ್ಮ ಇಲಾಖೆಯವರು ಪ್ರತಿ ಹಬ್ಬಕ್ಕೂ ಎಚ್ಚರಿಕೆ ಕೊಡುತ್ತೀರಿ. ಅದು ವಾಟ್ಸಾಪಿನಲ್ಲಿ, ಫೇಸ್‌ಬುಕ್ಕಿನಲ್ಲಿ ಬರುತ್ತದೆ. ಸಿಗ್ನಲ್ ಇದ್ದವರು ನೋಡುತ್ತಾರೆ. ಅತ್ತಿಗೆ ನೋಡುವುದು ನನ್ನ ಅಂಗಡಿ ಗೋಡೆ, ಹಾಲಿನ ಡೈರಿ ಗೋಡೆ, ಸೊಸೈಟಿ ಗೋಡೆ. ಎಚ್ಚರಿಕೆ ಅಲ್ಲಿಗೆ ಬರಲಿ. 2025ರ ಜುಲೈನಲ್ಲಿ ಸರ್ಕಾರ 'ಮನೆ ಮನೆಗೆ ಪೊಲೀಸ್' ಅಂತ ಶುರು ಮಾಡಿತು. ಬೀಟ್ ಪೊಲೀಸರು ಮನೆ ಬಾಗಿಲಿಗೆ ಬಂದು ಮಾತಾಡಿಸುವುದು. ಹಬ್ಬದ ಮೊದಲ ಎರಡು ವಾರ ಅವರು ಬರುವಾಗ ಬೇರೆ ಏನೂ ಹೇಳುವುದು ಬೇಡ. 1930 ಯಾವಾಗ ಒತ್ತಬೇಕು, ಒತ್ತುವ ಮೊದಲು ಏನೇನು ಕೈಯಲ್ಲಿ ಇಟ್ಟುಕೊಳ್ಳಬೇಕು, ಇಷ್ಟು ತೋರಿಸಿಕೊಡಲಿ. ಆ ಮನೆಯವರ ಫೋನಿನಲ್ಲೇ ನಂಬರ್ ಉಳಿಸಿಕೊಡಲಿ. ವಾರದ ಸಂತೆಯ ದಿನ ಒಬ್ಬ ಸಿಬ್ಬಂದಿ ಒಂದು ಟೇಬಲ್ ಹಾಕಿಕೊಂಡು ಕೂತು ದೂರು ಬರೆದುಕೊಳ್ಳಲಿ. ಮತ್ತೆ, ಯಾವ ಠಾಣೆಯಲ್ಲೂ ದೂರು ತಂದವರನ್ನು ಬರೆದುಕೊಳ್ಳದೆ ಶಿವಮೊಗ್ಗಕ್ಕೆ ಕಳಿಸಬಾರದು ಅಂತ ನಿಮ್ಮಿಂದ ಒಂದು ಮಾತು ಹೋದರೆ ಸಾಕು, ಅರ್ಧ ಜನ 'ಹೋಗ್ಲಿ ಬಿಡು' ಅನ್ನುವುದು ನಿಲ್ಲುತ್ತದೆ.

ನಮ್ಮ ಕಡೆ ದೀಪಾವಳಿಯಲ್ಲಿ ಬರುವ ಬೂರೆ ಹಬ್ಬದ ರಾತ್ರಿ ಹುಡುಗರು ಹಿತ್ತಲಿಗೆ ನುಗ್ಗಿ ಸೌತೆಕಾಯಿ, ಎಳನೀರು ಹಾರಿಸುತ್ತಾರೆ. ಬೆಳಿಗ್ಗೆ ಎದ್ದು ಅಜ್ಜಿಯರು ಬೈಯುತ್ತಾರೆ, ಬೈಯುತ್ತಲೇ ನಗುತ್ತಾರೆ. ಯಾರು ಕದ್ದದ್ದು ಅಂತ ಇಡೀ ಊರಿಗೆ ಗೊತ್ತಿರುತ್ತದೆ. ಹೋದ ವರ್ಷ ಆ ರಾತ್ರಿ ನಾನು ಹಿತ್ತಲ ಕಡೆ ಸದ್ದಾದದ್ದೇ ದೊಣ್ಣೆ ಹಿಡಿದು ಹೊರಗೆ ಓಡಿದೆ. ಪಕ್ಕದ ಮನೆಯ ಹುಡುಗರು. ಕೈಯಲ್ಲಿ ಎರಡು ಸೌತೆಕಾಯಿ. ನನ್ನ ಮುಖ ನೋಡಿ ಹೆದರಿ ಅದನ್ನು ಅಲ್ಲೇ ಬಿಟ್ಟು ಓಡಿದರು. ಮೊಬೈಲ್ ಹೋಗಿ ಎರಡೇ ದಿನ ಆಗಿತ್ತು.

ಅಂಗಡಿಯ ಬಲಗಡೆ ಗೋಡೆಗೆ ಸುಣ್ಣ ಬಳಿದಿದ್ದೇನೆ. ಮೂರಡಿ ಅಗಲ, ನಾಲ್ಕಡಿ ಉದ್ದದ ಬೋರ್ಡಿಗೆ ಜಾಗ ಇದೆ. ಮೊಳೆ ಹೊಡೆದಾಗಿದೆ. ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ ಕಳಿಸಿ. ಬೀಟ್ ಪೊಲೀಸರ ನಂಬರನ್ನೂ ಹಾಕಿಸಿ, ಅವರು ಬದಲಾದರೆ ಅಳಿಸಿ ಬರೆಯಲು ಚಾಕ್‌ಪೀಸ್ ನನ್ನಲ್ಲಿದೆ. ಹಬ್ಬಕ್ಕೆ ಮೊದಲು ಬಂದರೆ ಒಳ್ಳೆಯದು. ಪಾರ್ಸೆಲ್‌ಗಳು ಆಗಲೇ ಬರಲು ಶುರುವಾಗಿವೆ.

ಇಂತಿ,
ಕ್ರಾಸಿನ ಅಂಗಡಿಯವ
ತೀರ್ಥಹಳ್ಳಿ ತಾಲ್ಲೂಕು